ಅನ್ವರನ ಗೋಡೆಯ ಮೇಲೆ ಎಂಟು ದಿನ

ಇಪ್ಪತ್ತಾರು ವರ್ಷಗಳಿಂದ ತುಮಕೂರಿನ ಒಂದು ಪಾಲಿಟೆಕ್ನಿಕ್‌ನಲ್ಲಿ ಯಂತ್ರಗಳು ಒಂದರ ಜೊತೆ ಒಂದು ಹೇಗೆ ಮಾತಾಡುತ್ತವೆ ಎಂದು ಪಾಠ ಹೇಳಿಕೊಂಡು ಬಂದಿದ್ದೇನೆ. ಅಂಥ ನಾನು ಈ ಸಲದ ರಂಜಾನಿಗೆ ಒಂದು ದಿನ ಮುಂಚೆ ಗುಬ್ಬಿ ಪೇಟೆಯ ಗಡಿಯಾರ ರಿಪೇರಿ ಅಂಗಡಿಯೊಂದರಲ್ಲಿ ಕೂತು, ಗೇಣು ದೂರದಲ್ಲಿದ್ದ ಎರಡು ಯಂತ್ರಗಳ ಬಾಯಿಂದ ಒಂದು ಮಾತು ಹೊರಡಿಸಲಾರದೆ ಬೆವತುಹೋದೆ. ಈ ಸಂಗತಿಯನ್ನು ನನ್ನ ವಿದ್ಯಾರ್ಥಿಗಳಿಗೆ ಹೇಳಿಲ್ಲ. ನಿಮಗೆ ಹೇಳುತ್ತಿದ್ದೇನೆ, ದಯವಿಟ್ಟು ನೀವೂ ಹೇಳಬೇಡಿ.

ಅಂಗಡಿ ಅನ್ವರನದು. ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಅವನ ತಂದೆಯ ಕಾಲದಿಂದಲೂ ಆ ಬೀದಿಯ ಮಸೀದಿಯ ಗಡಿಯಾರ ಇವರ ಉಸ್ತುವಾರಿಯಲ್ಲಿದೆ. ರಂಜಾನ್ ಸಂಜೆಗಳಲ್ಲಿ ಜನ ಖರ್ಜೂರ ಕೈಯಲ್ಲಿ ಹಿಡಿದು ಆ ಗಡಿಯಾರ ನೋಡುತ್ತಾ ಕೂತಿರುತ್ತಾರೆ. ಅನ್ವರ್ ಕೈ ಎತ್ತಿದ ಮೇಲೆ ಅಜಾನ್ ಕೂಗು, ಆಮೇಲೆ ಖರ್ಜೂರ ಬಾಯಿಗೆ. ಒಂದು ನಿಮಿಷ ಮುಂಚೆ ಬಾಯಿಗೆ ಹಾಕಿಕೊಂಡರೂ ಬೆಳಗಿನಿಂದ ನೀರು ಮುಟ್ಟದೆ ಇದ್ದದ್ದು ವ್ಯರ್ಥವಾಗುತ್ತದಂತೆ. ಇಷ್ಟು ವರ್ಷಗಳಲ್ಲಿ ಯಾರ ಉಪವಾಸವೂ ಅನ್ವರನ ಗಡಿಯಾರದಿಂದ ಕೆಟ್ಟಿಲ್ಲ. ಅವನಿಗೆ ಇರುವ ಹೆಮ್ಮೆ ಇದೊಂದೇ, ಅದನ್ನೂ ಅವನು ಬಾಯಿಬಿಟ್ಟು ಹೇಳುವುದಿಲ್ಲ.

ಕೀಲಿ ಕೊಡುವ ಆ ಹಳೆಯ ಗಡಿಯಾರಕ್ಕೆ ವಯಸ್ಸಾಯಿತು, ಕೆಂಪು ಅಂಕಿಗಳು ಹೊಳೆಯುವ ಹೊಸ ಫಲಕ ಬೇಕು, ಐದು ಹೊತ್ತಿನ ನಮಾಜಿನ ಸಮಯವೂ ಅದರಲ್ಲಿ ತಾನಾಗಿ ಬರಬೇಕು ಎಂದು ಮಸೀದಿಯ ಹಿರಿಯರು ಆಸೆಪಟ್ಟರು. ಅನ್ವರ್ ನನಗೆ ಫೋನು ಮಾಡಿದ. ನಾನು ಹಿಗ್ಗಿ ಹೀರೇಕಾಯಿಯಾಗಿ ಒಪ್ಪಿಕೊಂಡೆ. ಫಲಕದ ಬೆನ್ನಿಗೆ ಬೆಂಕಿಪೊಟ್ಟಣದಷ್ಟೇ ದೊಡ್ಡದಾದ ಒಂದು ಕಂಪ್ಯೂಟರ್ ಬೋರ್ಡು ಕೂರಿಸಿದೆ. ಅದಕ್ಕೆ ಪರದೆಯಿಲ್ಲ, ಕೀಲಿಮಣೆಯಿಲ್ಲ, ವೈಫೈ ಕೂಡ ಇಲ್ಲ. ಏನಾದರೂ ಹೇಳಬೇಕೆಂದರೆ ಒಂದು ಯುಎಸ್‌ಬಿ ಕೇಬಲ್ಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಬೇಕು, ಅಷ್ಟೇ.

ಈ ಕೇಬಲ್ಲಿನ ವಿಚಾರ ಬಂದರೆ ನನಗೆ ಈಗಲೂ ಮನಸ್ಸು ತುಂಬುತ್ತದೆ. ಊಟವೂ ಅದರಲ್ಲೇ, ಮಾತೂ ಅದರಲ್ಲೇ. ಎರಡು ತಂತಿ ಬೋರ್ಡಿಗೆ ಕರೆಂಟು ಕೊಡುತ್ತವೆ, ಇನ್ನೆರಡರಲ್ಲಿ ಸುದ್ದಿ ಓಡಾಡುತ್ತದೆ. ಸಿಕ್ಕಿಸಿದ ಕೂಡಲೇ ಆ ಪುಟಾಣಿ ಬೋರ್ಡು ಲ್ಯಾಪ್‌ಟಾಪಿಗೆ “ನಾನೊಂದು ನೆಟ್‌ವರ್ಕ್ ಕಾರ್ಡು” ಎಂದು ವೇಷ ಹಾಕಿಕೊಂಡು ಹೇಳುತ್ತದೆ. ಲ್ಯಾಪ್‌ಟಾಪು ನಂಬುತ್ತದೆ. ಗೇಣುದ್ದದ ತಂತಿಯಲ್ಲಿ ಇಡೀ ಇಂಟರ್‌ನೆಟ್ಟು ಆ ಬೋರ್ಡಿನೊಳಗೆ ಇಳಿಯುತ್ತದೆ. ಇದನ್ನು ಮೊದಲು ಯೋಚಿಸಿದವರು ಯಾರೋ, ಸಿಕ್ಕಿದರೆ ಕಾಲಿಗೆ ಬೀಳುತ್ತೇನೆ.

ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಎಲ್ಲ ಹೂವೆತ್ತಿದಂತೆ ನಡೆಯಿತು. ಪ್ಲಗ್ ಕಿತ್ತು, ಫಲಕವನ್ನು ಟವೆಲ್ಲಿನಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಗುಬ್ಬಿ ಬಸ್ಸು ಹತ್ತಿದೆ. ಚಂದ್ರ ಕಂಡರೆ ಮಾರನೆಯ ದಿನದಿಂದಲೇ ರೋಜಾ, ಅಂದರೆ ಉಪವಾಸ. ಮೊದಲ ದಿನದಿಂದಲೇ ಹೊಸ ಫಲಕ ಇರುತ್ತದೆ ಎಂದು ಅನ್ವರ್ ಹಿರಿಯರಿಗೆ ಮಾತು ಕೊಟ್ಟಿದ್ದ. ಅಂಗಡಿಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಫಲಕಕ್ಕೆ ಕರೆಂಟು ಕೊಟ್ಟೆ. ಅದು ಹತ್ತೂಮುಕ್ಕಾಲು ತೋರಿಸಿತು.

“ಏನ್ಲಾ ಸಿದ್ಲಿಂಗ, ನಿಮ್ ತುಮ್ಕೂರಲ್ಲಿ ಇನ್ನೂ ಬೆಳಗ್ಗೇನಾ?” ಎಂದ ಅನ್ವರ್.

ಲ್ಯಾಬಿನಲ್ಲಿ ಪ್ಲಗ್ ಕಿತ್ತ ಹೊತ್ತು ಅದು. ಕರೆಂಟು ಹೋದ ಮೇಲೂ ಹೊತ್ತು ಲೆಕ್ಕವಿಡುವ ಅಂಗವೇ ಆ ಬೋರ್ಡಿಗೆ ಇಲ್ಲ. ಇಂಟರ್‌ನೆಟ್ಟು ಸಿಕ್ಕಿದರೆ ಸಮಯ ಕೇಳಿ ತಿದ್ದಿಕೊಳ್ಳುತ್ತದೆ, ಸಿಗದಿದ್ದರೆ ನೆನಪಿದ್ದಲ್ಲಿಂದ ಮುಂದುವರಿಯುತ್ತದೆ. “ಎರಡು ನಿಮಿಷದ ಕೆಲಸ” ಎಂದು ಲ್ಯಾಪ್‌ಟಾಪು ತೆಗೆದೆ. ಕೇಬಲ್ಲನ್ನು ಲ್ಯಾಬಿನ ಮೇಜಿನ ಮೇಲೆಯೇ ಬಿಟ್ಟು ಬಂದಿದ್ದೆ. ಅನ್ವರನ ಮೊಬೈಲ್ ಚಾರ್ಜರಿನದನ್ನೇ ಸಿಕ್ಕಿಸಿದೆ. ಬೋರ್ಡಿನಲ್ಲಿ ಕೇಬಲ್ಲಿನ ದೀಪವೇನೋ ಹತ್ತಿತು, ಆದರೆ ಲ್ಯಾಪ್‌ಟಾಪು ಯಾರೂ ಬಂದೇ ಇಲ್ಲ ಎಂಬಂತೆ ಕೂತಿತ್ತು. ಮುಕ್ಕಾಲು ಗಂಟೆ ನಾನು ಗೊತ್ತಿರುವ ಆದೇಶಗಳನ್ನೆಲ್ಲ ಕುಟ್ಟಿದೆ. ಅನ್ವರ್ ಕಣ್ಣಿನ ಭೂತಗನ್ನಡಿ ತೆಗೆದು, ಕೇಬಲ್ಲನ್ನು ಬೆರಳುಗಳ ನಡುವೆ ಹೊಸೆದು ನೋಡಿದ.

“ಇದ್ರೊಳ್ಗೆ ಎರಡೇ ತಂತಿ ಇರೋದು ಕಣ್ಲಾ. ಬರೀ ಚಾರ್ಜಿಂಗ್‌ದು. ನಾನೇ ಒಂದ್ಸಲ ಬಿಚ್ಚಿ ನೋಡಿದೀನಿ.”

ಊಟ ಮಾತ್ರ, ಮಾತಿಲ್ಲ. ಅವನು ಡ್ರಾಯರು ಕೆದಕಿ ಹಳೆಯ ಫೋನೊಂದರ ದಪ್ಪ ಕೇಬಲ್ಲು ಹುಡುಕಿಕೊಟ್ಟ. ಈಗ ಲ್ಯಾಪ್‌ಟಾಪಿಗೆ ಬೋರ್ಡು ಕಾಣಿಸಿತು. ಆದರೂ ಮಾತಿಲ್ಲ. ನಾಲ್ಕು ಗಂಟೆಯಾಯಿತು. ಬೋರ್ಡನ್ನು ಹತ್ತು ಸಲ ಕಿತ್ತು ಹತ್ತು ಸಲ ಸಿಕ್ಕಿಸಿದೆ. ಅನ್ವರ್ ಯಾರದೋ ಕೈಗಡಿಯಾರಕ್ಕೆ ಎಣ್ಣೆ ಬಿಡುತ್ತಾ, ತಲೆ ಎತ್ತದೆ ಕೇಳಿದ:

“ಇವೆರಡ್ರಲ್ಲಿ ಯಾರು ಯಾರ್ನ ಕೇಳ್ಬೇಕು?”

“ಅಂದ್ರೆ?”

“ಎರಡು ಗಡಿಯಾರ ಕೆಟ್ಟಿದ್ರೆ ಒಂದ್ನೊಂದು ನೋಡ್ಕೊಂಡು ತಿದ್ದೋಕಾಗಲ್ಲ. ಒಂದು ಹೇಳ್ಬೇಕು, ಇನ್ನೊಂದು ಕೇಳ್ಬೇಕು. ನಿಂದ್ರಲ್ಲಿ ಹೇಳೋನು ಯಾರು?”

ಯಾರೂ ಇರಲಿಲ್ಲ. ಮಾತಾಡಬೇಕಾದರೆ ಎರಡು ಕಡೆಗೂ ಒಂದೊಂದು ವಿಳಾಸ ಬೇಕು. ಲ್ಯಾಬಿನ ದೊಡ್ಡ ಕಂಪ್ಯೂಟರು ಅದನ್ನು ಕೇಳಿದವರಿಗೆಲ್ಲ ಹಂಚುತ್ತದೆ. ಹಾಗೆ ಹಂಚುವಂತೆ ಅದನ್ನು ಯಾವತ್ತೋ ಸಿದ್ಧಮಾಡಿದವನು ನಾನೇ, ಮರೆತವನೂ ನಾನೇ. ಇಲ್ಲಿ ಬೋರ್ಡು ಲ್ಯಾಪ್‌ಟಾಪಿನಿಂದ ವಿಳಾಸ ಬರಲಿ ಎಂದು ಕಾಯುತ್ತಿತ್ತು, ಲ್ಯಾಪ್‌ಟಾಪು ಬೋರ್ಡಿನಿಂದ ಬರಲಿ ಎಂದು ಕಾಯುತ್ತಿತ್ತು. ಮದುವೆ ಮನೆಯ ಬಾಗಿಲಲ್ಲಿ “ನೀವು ಮೊದಲು” “ಇಲ್ಲ, ನೀವು” ಎನ್ನುತ್ತಾ ಇಬ್ಬರು ಬೀಗರು ಹೊರಗೇ ನಿಂತ ಹಾಗೆ. ಲ್ಯಾಪ್‌ಟಾಪಿನಲ್ಲಿ “ಈ ಸಂಪರ್ಕವನ್ನು ಇತರರಿಗೆ ಹಂಚು” ಎಂಬ ಒಂದು ಗುರುತು ಹಾಕಿದೆ. ಅನ್ವರನ ಫೋನಿನಿಂದ ಲ್ಯಾಪ್‌ಟಾಪಿಗೆ, ಅಲ್ಲಿಂದ ಕೇಬಲ್ಲಿನ ಮೂಲಕ ಬೋರ್ಡಿಗೆ ಇಂಟರ್‌ನೆಟ್ಟು ಹರಿಯಿತು. ಫಲಕದ ಕೆಂಪು ಅಂಕಿಗಳು ಒಂದು ಸಲ ಮಿಟುಕಿ, ನಾಲ್ಕೂಇಪ್ಪತ್ತಕ್ಕೆ ಬಂದು ನಿಂತವು. ನನಗೆ ಕುಣಿಯಬೇಕೆನಿಸಿತು.

“ನಡಿ, ಮಸೀದಿಗೆ ಹೋಗಿ ನೇತಾಕೋಣ” ಎಂದೆ.

“ಎಂಟು ದಿನ ಇಲ್ಲಿ ಇರ್ಲಿ” ಎಂದ ಅನ್ವರ್, ಗೋಡೆಗೆ ಮೊಳೆ ಹುಡುಕುತ್ತಾ.

ಇದು ಅವನ ಅಂಗಡಿಯ ಪದ್ಧತಿ. ರಿಪೇರಿ ಮಾಡಿದ ಯಾವ ಗಡಿಯಾರವನ್ನೂ ಅವನು ಅವತ್ತೇ ಕೊಡುವುದಿಲ್ಲ. ಎಂಟು ದಿನ ಗೋಡೆಯ ಮೇಲೆ ತೂಗುಹಾಕಿ, ದಿನಾ ಬೆಳಗ್ಗೆ ನೋಡಿ, ಆಮೇಲೆ ಕೊಡುತ್ತಾನೆ. ಒಮ್ಮೆ ಕುಣಿಗಲ್‌ನಿಂದ ಬಂದ ಗಿರಾಕಿಯೊಬ್ಬ ಗೃಹಪ್ರವೇಶ ನಾಳೆ ಎಂದು ಕೂಗಾಡಿದರೂ ಕೊಡದೆ, ತನ್ನ ಮನೆಯ ಗಡಿಯಾರ ಬಿಚ್ಚಿ ಕಳಿಸಿದ್ದನಂತೆ. ಆದರೆ ನನ್ನದು ಕಂಪ್ಯೂಟರು! ಅದಕ್ಕೂ ಎಂಟು ದಿನವೇ? ಹಿರಿಯರಿಗೆ ಕೊಟ್ಟ ಮಾತು? “ನಾನೇ ಹೋಗಿ ಹೇಳ್ತೀನಿ ಬುಡು. ಮಾತು ತಪ್ಪಿದ್ರೆ ನನ್ನ ಬಯ್ತಾರೆ. ಹೊತ್ತು ತಪ್ಪಿದ್ರೆ ಎಲ್ರ ರೋಜಾ ಹೋಯ್ತದೆ” ಎಂದ. ಹಳೆಯ ಗಡಿಯಾರಕ್ಕೇ ಕೀಲಿ ಕೊಟ್ಟ. ಹಿರಿಯರಿಂದ ಬೈಸಿಕೊಂಡನೆಂದು ಆಮೇಲೆ ಬೇರೆಯವರಿಂದ ತಿಳಿಯಿತು. ನಾನು ಮುಖ ಊದಿಸಿಕೊಂಡು ತುಮಕೂರಿಗೆ ಬಂದೆ.

ನಾಲ್ಕನೆಯ ದಿನ ಅನ್ವರನ ಫೋನು ಬಂತು. “ಮೇಷ್ಟ್ರೇ, ನಿಮ್ ಫಲಕ ಮುಕ್ಕಾಲು ಗಂಟೆ ಹಿಂದೆ ಓಡ್ತೈತೆ.” ಪೇಟೆಯಲ್ಲಿ ಮುಕ್ಕಾಲು ಗಂಟೆ ಕರೆಂಟು ಹೋಗಿ ಬಂದಿತ್ತು. ಸಂಜೆಯ ಹೊತ್ತು. ಮಸೀದಿಯಲ್ಲಿ ಇದ್ದಿದ್ದರೆ ಜನ ಖರ್ಜೂರ ಹಿಡಿದು ಮುಕ್ಕಾಲು ಗಂಟೆ ಹೆಚ್ಚಿಗೆ ಕಾಯುತ್ತಿದ್ದರು, ಮಾರನೆಯ ಬೆಳಗಿನ ಜಾವ ಹೊತ್ತು ಮೀರಿ ಉಂಡು ರೋಜಾ ಕೆಡಿಸಿಕೊಳ್ಳುತ್ತಿದ್ದರು. ಕರೆಂಟು ಹೋದರೆ ಬೋರ್ಡಿಗೆ ಹೊತ್ತಿನ ಲೆಕ್ಕವಿಲ್ಲವೆಂದು ಮೊದಲ ದಿನವೇ ಕಣ್ಣಾರೆ ಕಂಡಿದ್ದೆನಲ್ಲ! ಕೇಬಲ್ಲು ಮಾತಾಡಿದ ಸಂಭ್ರಮದಲ್ಲಿ ಅದನ್ನೂ ಮರೆತಿದ್ದೆ.

ಹಿಂದೆ ಗಳಿಗೆ ಬಟ್ಟಲು ಅಂತ ಇತ್ತು. ತಳದಲ್ಲಿ ತೂತಿರುವ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ ತುಂಬಿ ಮುಳುಗಲು ಒಂದು ಗಳಿಗೆ. ಬಟ್ಟಲಿನ ಬಗ್ಗೆ ನಾನು ತರಗತಿಯಲ್ಲಿ ಬಹಳ ಚೆಂದ ಹೇಳುತ್ತೇನೆ. ಅದರ ಪಕ್ಕ ಕಣ್ಣು ಮಿಟುಕಿಸದೆ ಒಬ್ಬ ಮನುಷ್ಯ ಕೂತಿರಬೇಕಿತ್ತು, ಮುಳುಗಿದ್ದನ್ನು ಮತ್ತೆ ಎತ್ತಿಡಬೇಕಿತ್ತು ಎನ್ನುವುದನ್ನು ಹೇಳುವುದಿಲ್ಲ. ಈಗ ಹೇಳಲು ಶುರುಮಾಡಿದ್ದೇನೆ.

ಹೊತ್ತು ನೆನಪಿಡುವ ಒಂದು ಪುಟ್ಟ ಚಿಪ್ ತೆಗೆದುಕೊಂಡು ಹೋದೆ. ಅದಕ್ಕೊಂದು ಬಟನ್ ಸೆಲ್ಲು ಬೇಕು. ಅನ್ವರನ ಡ್ರಾಯರಿನಲ್ಲಿ ಅವು ರಾಶಿ. ನಡುಗದ ಕೈಯಿಂದ ಅವನೇ ಕೂರಿಸಿದ. ಕೇಬಲ್ಲು ಸಿಕ್ಕಿಸಿ, ಲ್ಯಾಪ್‌ಟಾಪಿನಲ್ಲಿ ಗುರುತು ಹಾಕಿ ಸಂಪರ್ಕ ಮಾಡಿದವನೂ ಅವನೇ, ನಾನು ಸುಮ್ಮನೆ ನೋಡಿದೆ. ಆಮೇಲೆ ಗಡಿಯಾರದವರು ಮಾಡಿದ ರಿಪೇರಿಯ ಗುರುತನ್ನು ಮುಚ್ಚಳದ ಒಳಗೆ ಗೀರುವಂತೆ, ಫಲಕದ ಹಿಂದೆ ಪೆನ್ಸಿಲಿನಲ್ಲಿ ಬರೆದ: “ದಪ್ಪ ಕೇಬಲ್. ಲ್ಯಾಪ್‌ಟಾಪು ಕೊಡಬೇಕು, ಬೋರ್ಡು ತಗೋಬೇಕು.” ನಾನು ಒಂದು ಸೆಮಿಸ್ಟರ್ ಪೂರ್ತಿ ಹೇಳುವ ಪಾಠ ಅದು. ಎಂಟು ದಿನ ಮತ್ತೆ ಒಂದರಿಂದ ಶುರುವಾಯಿತು. ದಿನಕ್ಕೊಂದು ಸಲ ಅವನೇ ಪ್ಲಗ್ ಕಿತ್ತು, ಸಿಕ್ಕಿಸಿ, ನೋಡಿದ.

ಅರ್ಧ ರಂಜಾನ್ ಕಳೆದ ಮೇಲೆ ಫಲಕ ಮಸೀದಿ ಸೇರಿತು. ಅವತ್ತು ಸಂಜೆ ನನ್ನನ್ನೂ ಕರೆದಿದ್ದ. ಎಲ್ಲರ ಜೊತೆ ಕೂತೆ, ನನ್ನ ಕೈಗೂ ಒಂದು ಖರ್ಜೂರ ಕೊಟ್ಟರು. ಅನ್ವರ್ ಫಲಕದ ಕೆಳಗೆ ನಿಂತು ಕೆಂಪು ಅಂಕಿಗಳನ್ನು ನೋಡುತ್ತಿದ್ದ. ಆ ನಿಮಿಷ ಬಂತು. ಅವನು ಕೈ ಎತ್ತಿದ. ಅಂಗಿಯ ತೋಳು ಜಾರಿತು, ಮೂವತ್ತು ವರ್ಷ ಗಡಿಯಾರ ಕಟ್ಟಿದ ಮಣಿಕಟ್ಟಿನಲ್ಲಿ ಪಟ್ಟಿಯ ಬಿಳಿ ಗುರುತು ಮಾತ್ರ ಇತ್ತು. ಗಡಿಯಾರವನ್ನು ಅವನು ಅಂಗಡಿಯಲ್ಲೇ ಬಿಚ್ಚಿಟ್ಟು ಬಂದಿದ್ದ.

ಫಲಕ ಮಾಡಿದವನು ನಾನು. ಯಾವುದಕ್ಕೂ ಇರಲಿ ಎಂದು ಬರುವಾಗ ಕೈಗಡಿಯಾರ ಕಟ್ಟಿಕೊಂಡು ಬಂದಿದ್ದೆ, ಅಜಾನ್ ಶುರುವಾಗುವ ಮುಂಚೆ ಕದ್ದು ಎರಡು ಸಲ ನೋಡಿಯೂ ಇದ್ದೆ. ಮೆಲ್ಲಗೆ ತೋಳನ್ನು ಕೆಳಗೆಳೆದು ಅದನ್ನು ಮುಚ್ಚಿಕೊಂಡು ಖರ್ಜೂರ ಬಾಯಿಗೆ ಹಾಕಿಕೊಂಡೆ.