ಹುಳವಿರುವ ಹೊಳೆಯೇ ಲೇಸು

ಕಳೆದ ತಿಂಗಳು ನಮ್ಮ ಭಾವ ಒಂದು ನದಿಯನ್ನು ತೊಳೆದರು.

ನದಿಯಲ್ಲಿ ಬಟ್ಟೆ ತೊಳೆಯುವವರನ್ನು ನೀವು ನೋಡಿದ್ದೀರಿ. ಎಮ್ಮೆ ತೊಳೆಯುವವರನ್ನು, ರಿಕ್ಷಾ ತೊಳೆಯುವವರನ್ನೂ ನೋಡಿರಬಹುದು. (ಪಾಪ ತೊಳೆದುಕೊಳ್ಳುವವರ ವಿಷಯ ಬೇರೆ. ಅದು ಹೋಯಿತೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ.) ಆದರೆ ನದಿಯನ್ನೇ ಬ್ಲೀಚಿಂಗ್ ಪೌಡರ್ ಹಾಕಿ, ಬ್ರಶ್ಶಿನಿಂದ ತಿಕ್ಕಿ ತೊಳೆದ ಮಹಾನುಭಾವರು ನನಗೆ ತಿಳಿದಂತೆ ಇವರೊಬ್ಬರೇ. ಇವರು ನನ್ನ ಅಕ್ಕನ ಗಂಡ ಎಂದು ನಾನು ಹೆಮ್ಮೆಪಡಬೇಕೋ ಬೇಡವೋ, ನೀವೇ ತೀರ್ಮಾನಿಸಿ.

ಭಾವನವರದು ಕೋಪರಿಯಲ್ಲಿ, ಥಾಣೆ ಸ್ಟೇಷನ್ನಿಗೆ ತಾಗಿದಂತೆ ಒಂದು ಉಡುಪಿ ಹೋಟೆಲು. ಮಗಳು ಶುಭಾ ಕಲ್ಯಾಣದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾಳೆ. ಅಪ್ಪ ಬದುಕಿಡೀ ಯಾವುದನ್ನು ಅಡುಗೆಮನೆಯಿಂದ ಓಡಿಸುತ್ತ ಬಂದರೋ, ಮಗಳು ಅದನ್ನೇ ಹುಡುಕಿಕೊಂಡು ಹೋಗುತ್ತಾಳೆ. ಹುಳ.

ಕಲ್ಯಾಣದ ಆಚೆ ಉಲ್ಹಾಸ್ ನದಿ ಕಲ್ಲುಗಳ ಮೇಲೆ ತೆಳ್ಳಗೆ ಹರಿಯುವ ಜಾಗವೊಂದಿದೆ. ವರ್ಷಗಳಿಂದ ಪ್ರತಿ ತಿಂಗಳೂ ಶುಭಾ ಅಲ್ಲಿಗೆ ಹೋಗಿ, ಅವೇ ಕಲ್ಲುಗಳ ನಡುವೆ ನಿಂತು, ಬಲೆ ಹಿಡಿದು, ಅದರ ಮುಂದಿನ ಕಲ್ಲುಗಳನ್ನು ಕಾಲಿನಿಂದ ಕೆದಕುತ್ತಾಳೆ. ಬಲೆಗೆ ಬಿದ್ದದ್ದನ್ನು ಬಿಳಿ ಟ್ರೇಗೆ ಸುರಿದು, ಯಾರು ಯಾರು ಬಂದಿದ್ದಾರೆ ಎಂದು ಹಾಜರಿ ತೆಗೆದುಕೊಂಡು, ಮತ್ತೆ ನೀರಿಗೆ ಬಿಡುತ್ತಾಳೆ. ಇದೂ ಒಂದು ಸಂಶೋಧನೆಯೇ? ನಾನೂ ಕೇಳಿದ್ದೆ.

"ಮಾವ, ಬಾಟಲಿಯಲ್ಲಿ ನೀರು ತಗೊಂಡು ಟೆಸ್ಟ್ ಮಾಡಿದ್ರೆ ಆ ಹೊತ್ತಿನ ನೀರು ಹೇಗಿದೆ ಅಂತ ಗೊತ್ತಾಗ್ತದೆ, ಬಸ್," ಎಂದಳು. "ಮೊನ್ನೆ ಯಾರೋ ಏನೋ ಬಿಟ್ಟು ಹೋಗಿದ್ರೆ? ಇವತ್ತು ಪಾನಿ ಏಕ್‌ದಮ್ ಸಾಫ್. ಹುಳ ಹಾಗಲ್ಲ. ಅದು ಅಲ್ಲೇ ಇರ್ತದೆ. ಸಹಿಸ್ತದೆ, ಇಲ್ಲಾಂದ್ರೆ ಸಾಯ್ತದೆ."

ಹುಳಗಳಲ್ಲೂ ವರ್ಗಭೇದ ಉಂಟು. ಮೇಫ್ಲೈ ಎಂಬ ಕೀಟದ ಮರಿ, ಮೂರು ಬಾಲದ್ದು, ಬಹಳ ನಾಜೂಕು. ನೀರು ಕೊಂಚ ಕೆಟ್ಟರೂ ಮಾಯ. ಇನ್ನೊಂದು, ದಾರದ ತುಂಡಿನಂಥ ಕೆಂಪು ಹುಳ. ಅದು ಯಾವ ಕೊಳಕಿಗೂ ಜಗ್ಗುವುದಿಲ್ಲ. ಮೊದಲನೆಯದು ಇಳಿದು ಎರಡನೆಯದು ಏರುತ್ತ ಬಂತೆಂದರೆ ಹೊಳೆಗೆ ಕಾಯಿಲೆ. ಒಂದು ಸಲ ನೋಡಿದರೆ ಇದು ತಿಳಿಯದು. ವರ್ಷಗಟ್ಟಲೆ, ಬಿಡದೆ ನೋಡಬೇಕು.

ಹಾಗೆ ಬಿಡದೆ ನೋಡುವುದಕ್ಕೇ ಈಗ ಕುತ್ತು ಬಂದಿತ್ತು. ಅದೇ ಜಾಗ, ಅದೇ ಕಲ್ಲು, ಅದೇ ಹುಳ, ಇನ್ನೆಷ್ಟು ವರ್ಷ ಎಂದು ಕಾಲೇಜಿನಲ್ಲಿ ಗೊಣಗಾಟ. ಹಿರಿಯ ಪ್ರೊಫೆಸರರೊಬ್ಬರು ಖುದ್ದಾಗಿ ಬಂದು ನೋಡಿ, ಕೆಲಸ ಮುಂದುವರಿಯಬೇಕೋ ನಿಲ್ಲಬೇಕೋ ಹೇಳುವವರಿದ್ದರು. ಇದನ್ನು ಶುಭಾ ಮನೆಯಲ್ಲಿ ಊಟದ ಹೊತ್ತಿಗೆ ಅರುಹಿದ್ದು ಹೀಗೆ: "ಪಪ್ಪ, ಶನಿವಾರ ನದಿಯದ್ದು ಚೆಕಿಂಗ್. ಫೇಲ್ ಆದ್ರೆ ಸಬ್ ಖತಮ್."

ಚೆಕಿಂಗ್. ಹೋಟೆಲಿನವರ ಮುಂದೆ ಆಡಬಾರದ ಶಬ್ದ. ಇನ್‌ಸ್ಪೆಕ್ಟರ್ ಬರುತ್ತಾರೆಂಬ ಸುದ್ದಿ ಸಿಕ್ಕಿದರೆ ಸಾಕು, ಕಡಪ ಕಲ್ಲಿನ ಕಟ್ಟೆಯಿಂದ ಹಿಡಿದು ಗಲ್ಲಾಪೆಟ್ಟಿಗೆಯ ಮೇಲಿನ ದೇವರ ಪಟದ ತನಕ ಸಕಲಕ್ಕೂ ಅಭ್ಯಂಜನ.

ಶನಿವಾರ ಕುತೂಹಲಕ್ಕೆಂದು ನಾನೂ ಹೋಗಿದ್ದೆ. ಇಸ್ತ್ರಿಯ ಬಿಳಿ ಅಂಗಿ ತೊಟ್ಟ ಭಾವ ಆಗಲೇ ದಡದಲ್ಲಿದ್ದರು. ಹೊಳೆಯ ಕಲ್ಲುಗಳು ಮದುವೆಮನೆಯ ಪಾತ್ರೆಗಳ ಹಾಗೆ ಫಳಫಳಿಸುತ್ತಿದ್ದವು. ಎಲ್ಲಿಂದಲೋ ಈಜುಕೊಳದ ವಾಸನೆ. ಶುಭಾ ಬಲೆ ಹಿಡಿದಳು, ಕೆದಕಿದಳು, ಟ್ರೇಗೆ ಸುರಿದಳು. ಮರಳು. ಅಲುಗಾಡದ ಒಂದೆರಡು ಹುಳದ ಕಾಲು. ಅಷ್ಟೇ.

"ನೋಡಿ ಸಾರ್," ಎಂದು ಭಾವ ಪ್ರೊಫೆಸರರಿಗೆ ಹಿಂದಿಯಲ್ಲಿ ವಿವರಿಸಿದರು. "ದುರ್ಬೀನು ಹಾಕಿ ಹುಡುಕಿದ್ರೂ ಒಂದು ಹುಳ ಸಿಗ್ಲಿಕ್ಕಿಲ್ಲ."

ಶುಭಾ ಮೆಲ್ಲಗೆ ತಿರುಗಿದಳು. "ಪಪ್ಪ, ಏನು ಮಾಡಿದ್ರಿ?"

"ಎಂತ ಮಾಡೂದು? ನಿನ್ನೆ ಹೋಟೆಲಿನ ಕೆಲಸದವರನ್ನು ತಂದು ಕಲ್ಲೆಲ್ಲ ತಿಕ್ಕಿಸಿದೆ. ನೀನು ಹುಳ ಎಣಿಸೂದು ಫೈನ್ ಹಾಕ್ಲಿಕ್ಕೆ ಅಂತಲ್ವಾ ನಾನು ತಿಳ್ಕೊಂಡದ್ದು?"

ಅವಳು ಬೈಯಲಿಲ್ಲ. ಪರಮ ನಿರ್ಮಲವಾದ ಒಂದು ಕಲ್ಲಿನ ಮೇಲೆ ಕುಳಿತಳು. ಆಮೇಲೆ ಪ್ರೊಫೆಸರರಿಗೆ ನಡೆದದ್ದನ್ನು ಮರಾಠಿಯಲ್ಲಿ ಹೇಳಿದಳು. ಅವರು ಬಹಳ ಹೊತ್ತು ಕನ್ನಡಕ ಒರೆಸಿಕೊಂಡರು. (ನಗು ತಡೆಯಲೆಂದು ನನ್ನ ಅನುಮಾನ.) ಮುಂದಿನ ತಿಂಗಳು ಮತ್ತೆ ಬರುತ್ತೇನೆ, ನಾಜೂಕಿನ ಹುಳ ಮರಳಿದ್ದರೆ ಕೆಲಸ ಮುಂದುವರಿಯಲಿ, ಇಲ್ಲದಿದ್ದರೆ ಇಲ್ಲಿಗೇ ಮುಗಿಸೋಣ ಎಂದರು.

ಆ ತಿಂಗಳಿಡೀ ಭಾವನ ಮುಖ, ಸಾಂಬಾರಿನಲ್ಲಿ ಜಿರಲೆ ಸಿಕ್ಕಿದ ಹೋಟೆಲಿನ ಯಜಮಾನನ ಮುಖ. ಇಲ್ಲಿ ಹುಳ ಸಿಗದೆ ಹೋದದ್ದೇ ತಾಪತ್ರಯ.

"ಅವು ವಾಪಸ್ ಬರ್ತಾವಾ ಮಾರಾಯ?" ಎಂದು ಫೋನಿನಲ್ಲಿ ಕೇಳಿದರು.

"ಮೇಲಿನಿಂದ ನೀರಿನೊಟ್ಟಿಗೆ ತೇಲಿಕೊಂಡು ಬರಬಹುದಂತೆ. ಶುಭಾ ನಿಮ್ಮತ್ರ ಹೇಳ್ಲಿಲ್ವಾ?"

"ನನ್ನ ಹತ್ರ ಅವಳು ಈಗ ಚಾ ಬೇಕಾ ಅಂತ ಮಾತ್ರ ಕೇಳೂದು."

ಮೊನ್ನೆ ಶನಿವಾರ ಎಲ್ಲರೂ ಮತ್ತೆ ಸೇರಿದೆವು. ಟ್ರೇ ತುಂಬ ಮೊದಲು ಕಂಡದ್ದು ಕೆಂಪು ಹುಳಗಳೇ. ಭಾವ ಬಿಳಿ ಅಂಗಿಯ ಪರಿವೆ ಇಲ್ಲದೆ ಕೆಸರಿನಲ್ಲಿ ಮಂಡಿಯೂರಿದರು. ಅಕ್ಕಿಯಲ್ಲಿ ಕಲ್ಲು ಆರಿಸುವ ಕಣ್ಣು ಅವರದು.

"ಇಲ್ಲೊಂದುಂಟು," ಎಂದರು. "ಮೂರು ಬಾಲ."

ಹೌದು, ಮೂರೇ. ಪಕ್ಕದಲ್ಲಿ ಇನ್ನೊಂದು. ಪ್ರೊಫೆಸರರು ಬಗ್ಗಿ ನೋಡಿ, ಶುಭಾಳತ್ತ ತಲೆಯಾಡಿಸಿದರು. ಕೆಲಸ ಉಳಿಯಿತು.

ಭಾವ ಇನ್ನೂ ಎದ್ದಿರಲಿಲ್ಲ. "ಇನ್‌ಸ್ಪೆಕ್ಟರನದ್ದು ಒಂದು ದಿನದ ಸರ್ಟಿಫಿಕೇಟು. ದಿನಾ ಬರುವ ಗಿರಾಕಿ ಬಾರದೆ ಹೋದ್ರೆ ಅಡುಗೆ ಕೆಟ್ಟಿದೆ ಅಂತ ಲೆಕ್ಕ. ಇದೂ ಹಾಗೆಯೇ ಅಲ್ವಾ ಮಗಾ?"

ಶುಭಾ ಅಪ್ಪನನ್ನೇ ನೋಡಿದಳು. "ಹೌದು ಪಪ್ಪ. ಹೀಗೆ ಹೇಳ್ಬೇಕು ಅಂತ ನನಗೇ ಹೊಳೀಲಿಲ್ಲ." ಆಮೇಲೆ, "ಈಗ ಏಳಿ. ಇನ್ನು ಇಲ್ಲಿ ಏನೂ ತೊಳೀಬೇಡಿ, ಪ್ಲೀಸ್."

ಲೋಕಲ್ ಹಿಡಿದು ಡೊಂಬಿವಲಿಯಲ್ಲಿಳಿದು ಮನೆಗೆ ಬಂದೆ. ಮನೆ ಎಂಐಡಿಸಿಯ ಕೆಮಿಕಲ್ ಕಾರ್ಖಾನೆಗಳ ಪಕ್ಕದಲ್ಲಿ. ಗಾಳಿ ಆ ಕಡೆಯಿಂದ ಬೀಸುತ್ತಿತ್ತು, ಎಂದಿನ ವಾಸನೆ. ಮೂಗು ನಾಜೂಕಾಗಿದ್ದವರೆಲ್ಲ ನಮ್ಮ ಬಿಲ್ಡಿಂಗು ಬಿಟ್ಟು ಹೋಗಿ ಯಾವ ಕಾಲವಾಯಿತೋ. ಉಳಿದ ನಾವು ಕಿಟಕಿ ಮುಚ್ಚಿ ಚಹಾ ಕುಡಿಯುತ್ತೇವೆ, ಇದೇನು ಮಹಾ ಎನ್ನುತ್ತೇವೆ.

ಯಾರಾದರೂ ನಮ್ಮ ಬಿಲ್ಡಿಂಗಿಗೆ ಬಲೆ ಹಾಕಿ, ಬಿದ್ದವರನ್ನು ಬಿಳಿ ಟ್ರೇಗೆ ಸುರಿದರೆ, ನಮ್ಮ ಬಣ್ಣ ಯಾವುದಿರಬಹುದು?