ಹಾಗಲಕಾಯಿ ನಿಲ್ಲಿಸಿದ ಉರಿ

ಹಾಗಲಕಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಹುಣಸೆಹುಳಿ, ಗುರೆಳ್ಳು ಪುಡಿ ಹಾಕಿ ಪಲ್ಯ ಮಾಡಿದರೆ ಬಿಸಿ ರೊಟ್ಟಿಗೆ ಅದರಂಥದ್ದಿಲ್ಲ. ಸಿಟ್ಟಿರುವುದು ಅದನ್ನು ಹಿಂಡಿ ಲೋಟಕ್ಕೆ ಹಾಕಿ, ಡಾಕ್ಟರ ಗುಳಿಗೆ ಬಿಡಿಸಿದ ನನ್ನ ಗಂಡನ ಅಕ್ಕನ ಮೇಲೆ. ಆಕೆ ಈಗ ಹಣ್ಣಾಗಿದ್ದಾಳೆ, ನಾನೂ ಆಗುತ್ತಿದ್ದೇನೆ. ಕ್ಷಮಿಸು ಎಂದು ಪುರಾಣ ಹೇಳುವ ಸ್ವಾಮಿಗಳು ಹೇಳುತ್ತಾರೆ. ಶಿವ ಕ್ಷಮಿಸಲಿ, ಅವನಿಗೆ ಆಗುತ್ತದೆ. ನನಗೆ ಆಗಿಲ್ಲ.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನನ್ನ ಯಜಮಾನರು ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ರಾಶಿಯ ಹತ್ತಿರ ಅವರು ಚಪ್ಪಲಿ ಮೆಟ್ಟುತ್ತಿರಲಿಲ್ಲ. ರಾಶಿ ಎಂದರೆ ಲಕ್ಷ್ಮಿ, ಹಾಗಾಗಿ ದಿನವಿಡೀ ಬರಿಗಾಲು. ಸಂಜೆ ಮನೆಗೆ ಬಂದಾಗ ಅಂಗಾಲು ಕೆಂಪಗೆ, ಕುಂಕುಮ ತುಳಿದು ಬಂದವರ ಹಾಗೆ. ಆ ವರ್ಷ ಅಂಗಾಲು ಉರಿಯತೊಡಗಿತು. ಮೆಣಸಿನಕಾಯಿಯ ಉರಿಯಲ್ಲ, ತೊಳೆದರೂ ಹೋಗದ ಉರಿ. ಹಸಿ ಬಟ್ಟೆ ಸುತ್ತಿಕೊಂಡು ಮಲಗುತ್ತಿದ್ದರು. ರಾಣೆಬೆನ್ನೂರಿನ ಡಾಕ್ಟರು ನೋಡಿ ಸಕ್ಕರೆ ಕಾಯಿಲೆ ಎಂದರು, ಗುಳಿಗೆ ಬರೆದುಕೊಟ್ಟರು.

ಸುದ್ದಿ ಮುಟ್ಟಿದ್ದೇ ತಡ, ಮೋಟೆಬೆನ್ನೂರಿನಿಂದ ಅಕ್ಕ ಬಂದಿಳಿದಳು. ಕೈಯಲ್ಲಿ ಚೀಲ, ಚೀಲದ ತುಂಬ ಹಾಗಲಕಾಯಿ.

"ಇಂಗ್ಲಿಷ್ ಗುಳಿಗಿ ನುಂಗಿ ನುಂಗಿ ನನ್ನ ತಮ್ಮನ ಮೈಯಾಗ ಉಷ್ಣ ತುಂಬೈತಿ. ನೀ ನೋಡಕೋಂತ ಕುಂತೀಯಲ್ಲ!"

"ಡಾಕ್ಟರ್ ಕೊಟ್ಟಾರ್ರಿ, ಅಕ್ಕಾರ."

"ಡಾಕ್ಟರ್ ಏನು ನಿನ್ನ ತವರುಮನಿಯಾವನೇನ? ನೀ ಮಾಡಿ ಹಾಕಿದ ಬೆಲ್ಲದ ಸಜ್ಜಕ ತಿಂದ ಬಂದ ಜಡ್ಡು ಇದು. ನಾ ಇಳಸ್ತೇನಿ, ನೋಡಕೋಂತಿರು."

ಮರುದಿನದಿಂದ ಅಡುಗೆಮನೆ ನನ್ನದಲ್ಲ. ಬೆಳಗ್ಗೆ ಪೂಜೆ ಮುಗಿದೊಡನೆ ಹಾಗಲಕಾಯಿ ರಸ, ಅದರ ಹಿಂದೆ ನೆನೆಸಿದ ಮೆಂತ್ಯ, ಊಟದ ನಂತರ ನೇರಳೆ ಬೀಜದ ಪುಡಿ. ಗುಳಿಗೆಯ ಪೊಟ್ಟಣ ಒಲೆಗೆ ಹೋಯಿತು. ನನ್ನ ಗಂಡ ಅಂಗಡಿಯಲ್ಲಿ ದೊಡ್ಡ ದೊಡ್ಡ ವ್ಯಾಪಾರಿಗಳ ಜೊತೆ ಗಂಟಲು ಹರಿದುಕೊಂಡು ಜಗಳವಾಡುವ ಮನುಷ್ಯ. ಅಕ್ಕನ ಮುಂದೆ ಮಾತ್ರ ಮೂಗು ಹಿಡಿದುಕೊಂಡು ಕುಡಿಯುವ ಕೂಸು.

ಕೆಲವು ತಿಂಗಳಿಗೆ ಉರಿ ನಿಂತಿತು. ಖರೇ ನಿಂತಿತು. ಹಸಿ ಬಟ್ಟೆ ಬೇಡವಾಯಿತು. ನಾನು ತುಪ್ಪದ ದೀಪ ಹಚ್ಚಿದೆ. ಅಕ್ಕನ ಹೆಸರು ಓಣಿಯ ತುಂಬ ಹಬ್ಬಿ, ಹೆಂಗಸರು ಲೋಟ ಹಿಡಿದು ಬರತೊಡಗಿದರು. ನಮ್ಮ ಕಟ್ಟೆಯ ಮೇಲೆ ಕುಳಿತು ಆಕೆ ಮದ್ದು ಹೇಳುತ್ತಿದ್ದಳು, ಅವರಿಗೆಲ್ಲ ಚಹಾ ಕಾಸುವ ಕೆಲಸ ನನ್ನದು.

ಒಂದು ಸಂಜೆ ಯಜಮಾನರು ಪೂಜೆಗೆ ಮೊದಲು ಬಚ್ಚಲಲ್ಲಿ ಕಾಲು ಚಾಚಿದರು, ನಾನು ನೀರು ಹಾಕಿದೆ. ನೀರು ಕೆಂಪಾಗಿ ಹರಿಯಿತು. ದಿನವೂ ಹಾಗೆಯೇ ಹರಿಯುತ್ತದೆ. ಅಂದು ಎರಡನೆಯ ತಂಬಿಗೆಗೂ ತಿಳಿಯಾಗಲಿಲ್ಲ. ಬಗ್ಗಿ ನೋಡಿದರೆ ಹೆಬ್ಬೆರಳಿನ ಕೆಳಗೆ ಆಳವಾದ ಗಾಯ. ಒಳಗೆ ಒಂದು ಮೆಣಸಿನಕಾಯಿ ಚೂರು ಬೀಜ ಸಮೇತ ಹೊಕ್ಕಿತ್ತು. ಅವರು ಅಂದಿನ ದರದ ವಿಷಯ ಹೇಳುತ್ತಲೇ ಇದ್ದರು.

"ರೀ, ಉರಿಯಂಗಿಲ್ಲೇನ್ರಿ?"

"ಏನು?"

"ಕಾಲು."

"ಇಲ್ಲಲ್ಲ. ಯಾಕ?"

ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ಹೊರಗಿನವರು ಹೇಳುತ್ತಾರೆ. ಹಸಿ ಗಾಯಕ್ಕೆ ತಗಲಿಸಿಕೊಂಡು ಹೇಳಲಿ. ಆ ಚೂರು ತೆಗೆದದ್ದಕ್ಕೆ ನನ್ನ ಉಗುರುಸಂದಿಯೇ ಉರಿಯುತ್ತಿತ್ತು. ಅಷ್ಟರಲ್ಲಿ ಹಿಂದಿನಿಂದ ಅಕ್ಕನ ದನಿ: "ಕಂಡೇನ? ಖಾರ ಹೊಕ್ಕರೂ ಉರಿ ಇಲ್ಲ. ಹಾಗಲಕಾಯಿ ಗುಣ ಅಂದ್ರ ಇದು! ಅರಿಷಿಣ ಒತ್ತು, ಮಾಯತೈತಿ."

ಮರುದಿನ ಬೆಳಗ್ಗೆ ಯಜಮಾನರನ್ನು ರಾಣೆಬೆನ್ನೂರಿನ ಬಸ್ಸಿಗೆ ಹೊರಡಿಸಿದೆ. ಅಕ್ಕ ಬಾಗಿಲಿಗೆ ಅಡ್ಡ ನಿಂತಳು. "ನಾ ಇಳಿಸಿದ್ದನ್ನ ಮತ್ತ ಏರಿಸಾಕ ಹೊಂಟೀಯೇನ?"

"ಅತ್ತಾಗ ಸರೀರಿ ಅಕ್ಕಾರ. ಇಲ್ಲಂದ್ರ ನಿಮ್ಮನ್ನ ದಾಟಿ ಹೋಗತೇನಿ."

ರಾಣೆಬೆನ್ನೂರಿನ ಡಾಕ್ಟರು ಯಜಮಾನರಿಗೆ ಕಣ್ಣು ಮುಚ್ಚಿಸಿ, "ಚುಚ್ಚಿದ ಕೂಡಲೇ ಹೇಳ್ರಿ" ಎಂದು ಅಂಗಾಲಿಗೆ ಸೂಜಿ ಚುಚ್ಚಿದರು. ಬೆರಳಿಗೆ, ಹಿಮ್ಮಡಿಗೆ, ಮತ್ತೆ ನಡುವೆ. ನಾನು ನೋಡುತ್ತಲೇ ಇದ್ದೆ. ಸ್ವಲ್ಪ ಹೊತ್ತಾದ ಮೇಲೆ ಇವರು ಕೇಳಿದರು: "ಇನ್ನೂ ಚುಚ್ಚಿಲ್ಲೇನ್ರಿ, ಸಾಹೇಬ್ರ?"

ಉರಿ ನಿಂತದ್ದು ಗುಣವಾಗಿ ಅಲ್ಲ, ನರ ಸತ್ತು. ಡಾಕ್ಟರು ಮೆಲ್ಲಗೆ ಹೇಳಿದರು. ಹಾಗಲಕಾಯಿ, ಮೆಂತ್ಯ ತಿನ್ನಬಾರದೇ ಎಂದು ಕೇಳಿದೆ. "ಯಾರು ಬ್ಯಾಡ ಅಂದಾರ? ಅವಕ್ಕೂ ಒಂದೀಟು ಗುಣ ಇರತೈತಿ. ಊಟದಾಗ ತಿನ್ರಿ. ಗುಳಿಗಿ ಜಾಗಾದಾಗ ಅವನ್ನ ಕುಂದ್ರಿಸಬ್ಯಾಡ್ರಿ." ಆಮೇಲೆ ಹಾವೇರಿಯ ಆಸ್ಪತ್ರೆಗೆ ಕಳಿಸಿದರು. ಗಾಯ ಒಳಗೊಳಗೇ ಕೊಳೆತಿತ್ತು, ಅಲ್ಲಿ ಹೆಬ್ಬೆರಳು ತೆಗೆದರು. ಪಾದ ಉಳಿಯುತ್ತದೋ ಇಲ್ಲವೋ ಹೇಳಲಾಗದು ಎಂದರು. ಪಟ್ಟಿ ಬಿಚ್ಚಿದಾಗಲೆಲ್ಲ ನಾನು ಮೊದಲು ಡಾಕ್ಟರ ಮುಖ ನೋಡುತ್ತಿದ್ದೆ, ಆಮೇಲೆ ಪಾದ.

ಪಾದ ಉಳಿಯಿತು, ಶಿವನ ದಯೆ. ಪೂಜೆಗೆ ಚಕ್ಕಂಬಕ್ಕಳ ಹಾಕಿ ಕೂರಲು ಬಂತು, ಅದೂ ದಯೆ. ಅಂಗಡಿಯ ಸಾಹುಕಾರರು ಚಪ್ಪಲಿ ಮೆಟ್ಟಿಕೊಂಡೇ ಬನ್ನಿ, ಲಕ್ಷ್ಮಿ ಸಿಟ್ಟಾಗುವುದಿಲ್ಲ ಎಂದರು, ಅದು ದೊಡ್ಡ ದಯೆ.

ಮನೆಗೆ ಬಂದ ವಾರವೇ, ತನ್ನ ಊರಿಗೆ ಹೋಗಿದ್ದ ಅಕ್ಕ ಮಾತಾಡಿಸಲು ಬಂದಳು. ಓಣಿಯ ಹೆಂಗಸರೂ ಸೇರಿದ್ದರು. ತಮ್ಮನ ಪಾದ ಸವರಿ, ಸೆರಗಿನಿಂದ ಕಣ್ಣೊರೆಸಿಕೊಂಡು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ನನ್ನ ರಸ ಹೊಟ್ಟಿಯಾಗ ಇತ್ತಂತ ಪಾದ ಉಳಿತ್ರಿ. ಇಲ್ಲಂದ್ರ ಮೊಣಕಾಲ ತನಕಾ ಹೋಗತಿತ್ತು."

ಚಹಾದ ತಟ್ಟೆ ಕೆಳಗಿಟ್ಟೆ. "ಹಂಗಾರ ಬೆರಳು ಹೋದದ್ದು ಯಾತರಿಂದ್ರಿ, ಅಕ್ಕಾರ?"

ಒಬ್ಬಾಕೆ ಸೆರಗಿನೊಳಗೆ ನಕ್ಕಳು. ಅಕ್ಕ ಚಹಾ ಮುಟ್ಟದೆ ಎದ್ದು ಬಸ್ಸು ಹಿಡಿದಳು, ಬಹಳ ದಿನ ನಮ್ಮ ಹೊಸ್ತಿಲು ತುಳಿಯಲಿಲ್ಲ. ಅದನ್ನೂ ದಯೆಗಳ ಸಾಲಿಗೆ ಸೇರಿಸಿದ್ದೇನೆ.

"ಅಕ್ಕಗ ಹಂಗ ಅನಬಾರದಿತ್ತು," ಎಂದರು ಇವರು.

"ನಿಮ್ಮ ಬೆರಳಿನ ಪರವಾಗಿ ಅಂದೇನಿ. ನೀವಂತೂ ಅನ್ನಲಿಲ್ಲ."

ಅಂದು ಊಟಕ್ಕೆ ಕೂತರು. ಗುಳಿಗೆಯನ್ನು ತಾವೇ ಕೇಳಿ ಇಸಿದುಕೊಂಡು ನುಂಗಿದರು.