ಬೀಗರು ಕಳಿಸಿದ ಬುತ್ತಿ

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲಿಗಳಾದ್ದರಿಂದ ನನ್ನ ವಾಕ್ಯಗಳನ್ನು ತಿದ್ದಬಲ್ಲವರು ಮನೆಯಲ್ಲಿ ಯಾರೂ ಇಲ್ಲ. ಪ್ರತಿಯೊಂದು ಸಾಲನ್ನೂ ಎರಡೆರಡು ಸಲ ಓದಿ ನೋಡಿದ್ದೇನೆ; ಆದರೂ ಲೋಪವುಳಿದಿದ್ದರೆ, ಸ್ನೇಹಿತರೇ, ಅದು ನನ್ನದು. ನಡುವೆ ನಗು ಉಕ್ಕಿ ಕ್ರಮ ತಪ್ಪಿದರೆ ಮಾತ್ರ ಆ ಅಪರಾಧ ನಮ್ಮ ಅಡುಗೆಮನೆಯ ಗೂಟಕ್ಕೆ ತೂಗುಬಿದ್ದಿರುವ ಬಿದಿರಿನ ಬುಟ್ಟಿಯದು.

ಅಂಚು ಸವೆದು, ತಳಕ್ಕೆ ಹಳೆಯ ಸೀರೆಯ ತೇಪೆ ಹಚ್ಚಿಸಿಕೊಂಡು, ವೃದ್ಧಾಪ್ಯದಲ್ಲಿಯೂ ಡೌಲು ಬಿಡದ ಬುಟ್ಟಿ ಅದು. ಬುಟ್ಟಿಗೂ ಬುತ್ತಿಗೂ ಒಂದೇ ಒತ್ತಕ್ಷರದ ಅಂತರವೆಂದು ಬಾಲ್ಯದಲ್ಲಿ ನಾನು ತಿಳಿದಿದ್ದೆ. ಆ ಅಂತರದಲ್ಲಿ ಒಂದು ಊರಿನ ಮಾನವೇ ಅಡಗಿ ಕುಳಿತಿದ್ದೀತೆಂದು ತಿಳಿದದ್ದು ಐವತ್ತೇಳರ ಮಳೆಗಾಲದಲ್ಲಿ.

ರೋಣದ ಪೇಟೆಯ ವರ್ತಕರು ಕೂಡಿ ಒಂದು ಅನ್ನದ ಮನೆ ನಡೆಸುತ್ತಿದ್ದರು. ಅಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು, ಅಪ್ಪ ಕಟ್ಟಿಗೆ ಕಾಳುಗಳನ್ನು ಹೇರುವ ಚಕ್ಕಡಿ ಹೊಡೆಯುತ್ತಿದ್ದ. ವೃದ್ಧರು, ಕೂಲಿಯವರು, ದಿಕ್ಕಿಲ್ಲದವರು ಪಂಕ್ತಿಯಲ್ಲಿ ತೊಡೆಗೆ ತೊಡೆ ತಾಗಿಸಿ ಕುಳಿತು ಉಣ್ಣುತ್ತಿದ್ದರು. ದೇಶವನ್ನೆಲ್ಲ ಸುತ್ತಿದ ಫ್ಲೂ ಜ್ವರ ನಮ್ಮೂರಿಗೂ ಬಂದಾಗ, ಹೀಗೆ ಒತ್ತೊತ್ತಿಗೆ ಕೂಡಬಾರದೆಂದು ದವಾಖಾನೆಯ ಡಾಕ್ಟರು ಹೇಳಿಕಳಿಸಿದರು. ಪಂಕ್ತಿ ನಿಂತಿತು. ಪಂಕ್ತಿ ನಿಂತರೆ ನಮ್ಮ ದುಡಿಮೆಯೂ ನಿಲ್ಲುತ್ತಿತ್ತು. ಆಗ ನಾವು ಅಜ್ಜಿಯಿದ್ದ ಸವಡಿ ಹಳ್ಳಿಗೆ ಹೋಗಬೇಕಾಗುತ್ತಿತ್ತು. ಸವಡಿಯಲ್ಲಿ ಅಜ್ಜಿ ನನಗಾಗಿ ಗೊತ್ತುಮಾಡಿಟ್ಟಿದ್ದದ್ದು ಸಾಲೆಯನ್ನಲ್ಲ, ವರನನ್ನು. ನಾನಾಗ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಓದುತ್ತಿದ್ದೆ. ಅವ್ವ ಟ್ರಂಕಿಗೆ ನನ್ನ ಲಂಗಗಳನ್ನು ಮಡಿಸಿಟ್ಟಳು. ನಾನು ಭೂಗೋಳದ ಪುಸ್ತಕವನ್ನು ಹೊರಗೇ ಉಳಿಸಿಕೊಂಡೆ.

ಅನ್ನದ ಮನೆಯ ಹಿರಿಯರಾದ ಬಸಪ್ಪ ಶೆಟ್ಟರು, ಊಟವನ್ನೇ ಓಣಿಗೆ ಒಯ್ಯೋಣವೆಂದರು. ಉದಾರವಾದ ಆಲೋಚನೆಯೇ, ಆದರೆ ಅದರ ಮುಂದೆ ಅವರು ಹಲಗೆ ಬಾರಿಸುವವನನ್ನು ನಡೆಸಿದರು. "ಧರ್ಮದ ಊಟ ಬಂದೈತ್ರಿ, ಪಾತ್ರಿ ತಗೊಂಡು ಬರ್ರಿ" ಎಂದು ಆತ ಗಂಟಲು ಹರಿಯುವಂತೆ ಸಾರಿದ. ಎಂಥ ಹಸಿವಿನ ಮನೆಯಾದರೂ, ನೆರೆಯವರ ಕಿವಿಗೆ ಬೀಳುವಂತೆ ಸಾರಿದ ಅನ್ನಕ್ಕೆ ಕೈಯೊಡ್ಡೀತೇ? ಪಂಕ್ತಿಯಲ್ಲಿ ಎಲ್ಲರೂ ಉಣ್ಣುವವರೇ. ಹೊಸ್ತಿಲಲ್ಲಿ ಒಬ್ಬನೇ ಬೇಡುವವನು. ತೆರೆದಿದ್ದ ಕದಗಳೂ ಮುಚ್ಚಿಕೊಂಡವು. ಅಪ್ಪನ ಚಕ್ಕಡಿ ತುಂಬಿದ್ದು ತುಂಬಿದಂತೆಯೇ ಹಿಂದಿರುಗಿತು.

"ಊರಾಗ ಯಾರಿಗೂ ಹಸಿವಿಲ್ಲ ಅಂತ ಕಾಣಸ್ತೈತಿ. ಮನಿ ಮುಚ್ಚೂಣು" ಎಂದರು ಶೆಟ್ಟರು, ನೊಂದುಕೊಂಡು.

ಅವ್ವ ಕೈಗೆ ಹತ್ತಿದ ಹಿಟ್ಟು ಒರೆಸಿಕೊಳ್ಳುತ್ತ ಹೊರಬಂದಳು. "ಹಸಿವು ಐತ್ರಿ ಶೆಟ್ರ. ಹಲಗಿ ಬಡದ್ರ ಅದು ಅಡಗಿ ಕುಂದರತೈತಿ. ಬೀಗರ ಮನಿ ಬುತ್ತಿ ಅಂತ ಕಳಸ್ರಿ. ಬುತ್ತಿಗೆ ಕದಾ ಹಾಕ್ಕೊಂಡವರನ್ನ ನನಗೊಬ್ಬರನ್ನ ತೋರಸ್ರಿ."

"ಯಾರ ಬೀಗರವಾ?"

"ಅದನ್ನ ಉಂಡಮ್ಯಾಲೆ ವಿಚಾರ ಮಾಡ್ತಾರ್ರಿ."

ಹೀಗೆ ರೋಣದಲ್ಲಿ ಒಂದು ಮುಂಜಾವಿಗೆ ಸಾಲುಸಾಲು ಬೀಗತನಗಳು ಹುಟ್ಟಿಕೊಂಡವು. ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ. ಮೇಲೆ ನಾಲ್ಕು ಗಂಟಿನ ಬಿಳಿಯ ಬಟ್ಟೆ. ಕಟ್ಟೆಯ ಮೇಲಿಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು, "ಬೀಗರ ಬುತ್ತಿ ಬಂದೈತ್ರಿ" ಎಂದು ಅವ್ವ ಮೆಲ್ಲನೆ ಕೂಗುತ್ತಿದ್ದಳು. ನಾನು ಸೆರಗಿನ ಹಿಂದೆ ನಿಂತು ನಗು ತಡೆಯುತ್ತಿದ್ದೆ. ಜ್ವರದಿಂದ ಎದ್ದು ಬಂದ ಒಂಟಿಜೀವಿ, ಹೊಲಿಗೆಯ ನಿಂಗಪ್ಪ ಕಾಕಾ, ಬುಟ್ಟಿಯನ್ನೂ ಅವ್ವನನ್ನೂ ಬಹಳ ಹೊತ್ತು ನೋಡಿದ.

"ನನಗ ಲಗ್ನನ ಆಗಿಲ್ಲ ತಂಗಿ. ಬೀಗರು ಎಲ್ಲಿಂದ ಬಂದ್ರು?"

"ಆದವರಿಗೆಲ್ಲ ಬೀಗರು ಬುತ್ತಿ ಕಳಸ್ತಾರೇನ್ರಿ ಕಾಕಾ? ನಿಮ್ಮವರು ಚಲೋ ಮಂದಿ, ಲಗ್ನಕ್ಕಿಂತ ಮೊದಲ ಕಳಿಸ್ಯಾರ."

ಕಾಕಾ ಕೆಮ್ಮುತ್ತಲೇ ನಕ್ಕ, ನಗುತ್ತಲೇ ಕೆಮ್ಮಿದ. ಬುಟ್ಟಿ ಒಳಗೆ ಹೋಯಿತು.

ಸಂಜೆ ಅಪ್ಪ ಬುಟ್ಟಿಗಳನ್ನು ಕೂಡಿಸಿಕೊಂಡು ಬಂದ. ಅವೆಲ್ಲ ಭಾರವಾಗಿದ್ದವು, ಗಂಟುಗಳೂ ಬಿಗಿದೇ ಇದ್ದವು. "ಮತ್ತ ಹೊಳ್ಳಿ ಬಂತಲ್ಲವಾ" ಎಂದು ಶೆಟ್ಟರು ಕಟ್ಟೆಗೆ ಕುಸಿದರು. ಟ್ರಂಕು, ಸವಡಿ, ಮುಖ ನೋಡದ ಆ ವರ, ಎಲ್ಲವೂ ನನ್ನ ಕಣ್ಣೆದುರು ಸಾಲುಗಟ್ಟಿದವು. ಅವ್ವ ಮೊದಲ ಗಂಟು ಬಿಚ್ಚಿದಳು.

ಒಳಗೆ ರೊಟ್ಟಿ ಇರಲಿಲ್ಲ, ಹಿಡಿ ಹೆಸರುಕಾಳಿತ್ತು. ಇನ್ನೊಂದರಲ್ಲಿ ಎರಡು ಹೀರೇಕಾಯಿ. ಮತ್ತೊಂದರಲ್ಲಿ ಹುಣಸೆ, ಮಗದೊಂದರಲ್ಲಿ ಒಂದೇ ಒಂದು ಹಸಿಮೆಣಸಿನಕಾಯಿ, ಅದೂ ಬಾಗಿದ್ದು. ಬುತ್ತಿ ತಂದ ಬುಟ್ಟಿಯನ್ನು ಬರಿದಾಗಿ ಕಳಿಸುವುದುಂಟೇ? ಕಾಕಾನ ಬುಟ್ಟಿಯಲ್ಲಿ ಕಾಳು ಇರಲಿಲ್ಲ; ಅಂಚಿಗೆ ಕೆಂಪು ದಾರದ ಹೊಲಿಗೆ ಹಾಕಿದ ಹೊಸ ಬಟ್ಟೆಯೊಂದಿತ್ತು, ಬುತ್ತಿ ಕಟ್ಟಲಿಕ್ಕೆ. ಶೆಟ್ಟರು ಅದನ್ನು ಎತ್ತಿ ಹಿಡಿದು ನಕ್ಕ ನಗೆಗೆ ಅಪ್ಪನ ಎತ್ತುಗಳು ತಲೆಯೆತ್ತಿ ನೋಡಿದವು. ಅವ್ವ ಮಾತ್ರ ನಗದೆ, ಬಟ್ಟೆಗಳನ್ನೆಲ್ಲ ಹಂಡೆಯ ಕುದಿನೀರಿಗೆ ಹಾಕಿದಳು. ಡಾಕ್ಟರ ಮಾತು ಅವಳಿಗೆ ನೆನಪಿತ್ತು.

ಮರುದಿನ ಹೀರೇಕಾಯಿ, ಹೆಸರು, ಹುಣಸೆಗಳು ಒಂದೇ ಪಾತ್ರೆಯಲ್ಲಿ ಬೆಂದು, ಯಾವ ಪಾಕಶಾಸ್ತ್ರವೂ ಕಂಡರಿಯದ ಒಂದು ಪಲ್ಯ ಸಿದ್ಧವಾಯಿತು. ಅದು ರುಚಿಯಾಗಿತ್ತೆಂದು ಬರೆದರೆ ಸತ್ಯಕ್ಕೆ ಅಪಚಾರ. ಆದರೆ ಊರು ತಿಂದಿತು. ತನ್ನ ಮನೆಯ ಕಾಯಿ ಯಾವ ಬೀಗರ ಹೊಟ್ಟೆ ಸೇರಿತೆಂದು ಊಹಿಸುತ್ತ ತಿಂದಿತು. ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ ಎಂಬ ಸ್ಥಿತಿಯಲ್ಲಿ ಅನ್ನ ಎಷ್ಟು ಭಾರವಾಗುವುದೋ, ಎರಡೂ ಕೈಗಳು ಒಂದೇ ಮಟ್ಟದಲ್ಲಿ ಬುಟ್ಟಿಯನ್ನು ಹಿಡಿದಾಗ ಅಷ್ಟೇ ಹಗುರವಾಗುವುದೆಂದು ಈಗ ಪುಸ್ತಕದ ಭಾಷೆಯಲ್ಲಿ ಹೇಳಬಲ್ಲೆ. ಅವ್ವ ಅದನ್ನು ರೊಟ್ಟಿ ಬಡಿಯುತ್ತಲೇ ಬಲ್ಲವಳಾಗಿದ್ದಳು.

ಜ್ವರ ಇಳಿದು ಪಂಕ್ತಿ ಮತ್ತೆ ಕೂಡಿದ ದಿನ, ಎಲೆಯ ಮುಂದೆ ಕುಳಿತವರು ಒಬ್ಬರನ್ನೊಬ್ಬರು "ಬರ್ರಿ ಬೀಗರ, ಆರಾಮೇನ್ರಿ" ಎಂದು ಕರೆಯತೊಡಗಿದರು. ಬಡಿಸಲು ನಿಂತ ಶೆಟ್ಟರಿಗೆ ಇಡೀ ಊರು ಬೀಗರಾಗಿತ್ತು. ಕೆಲವು ಮನೆಗಳಿಗೆ ಬುತ್ತಿ ಹೋಗುವುದು ಮಾತ್ರ ನಿಲ್ಲಲೇ ಇಲ್ಲ. ಪಂಕ್ತಿಗೆ ನಡೆದು ಬರಲಾರದವರೂ ಇದ್ದಾರೆಂಬುದು ಆಗಲೇ ಎಲ್ಲರಿಗೆ ಹೊಳೆದದ್ದು.

ಗೂಟದ ಬುಟ್ಟಿ ಆ ದಿನಗಳದು. ಒಳಗೆ ಕೆಂಪು ದಾರದ ಬಟ್ಟೆ ಮಡಿಸಿಟ್ಟಿದೆ. ಆಮೇಲೆ ನಮ್ಮ ಮನೆಯಲ್ಲಿ ಆದದ್ದಿಷ್ಟು: ಅನ್ನದ ಮನೆಯ ಅಡುಗೆಯ ಪೂರ್ಣ ಆಡಳಿತ ಅವ್ವನ ಕೈಗೆ ಬಂತು, ಅಪ್ಪ ಅವಳು ಹೇಳಿದ ಓಣಿಗೆ ಚಕ್ಕಡಿ ಹೊಡೆದ, ಟ್ರಂಕಿನಿಂದ ನನ್ನ ಲಂಗಗಳು ಹೊರಬಂದವು. ನಾವು ಸವಡಿಗೆ ಹೋಗಲಿಲ್ಲ. ನಾನು ಮುಲ್ಕಿ ಪರೀಕ್ಷೆಗೆ ಕುಳಿತೆ, ಪಾಸಾದೆ, ಮುಂದೆಯೂ ಓದಿದೆ. ಊರಿಗೆಲ್ಲ ಬೀಗರನ್ನು ಹಂಚಿದ ಆ ವರ್ಷ, ನಮ್ಮ ಮನೆಗೆ ಮಾತ್ರ ಬೀಗರು ಬರಲಿಲ್ಲ.